ರಂಪಣಿ: ಊರೇ ಎಳೆಯುತ್ತಿದ್ದ ಬಲೆ

ಕಾರವಾರದಿಂದ ಮಂಗಳೂರಿನವರೆಗಿನ ಕರಾವಳಿಯಲ್ಲಿ 1970ರ ದಶಕದವರೆಗೂ ರಂಪಣಿ ಎಂಬುದು ಬರೀ ಬಲೆಯ ಹೆಸರಾಗಿರಲಿಲ್ಲ. ಆ ಬಲೆಯನ್ನು ನಂಬಿಕೊಂಡಿದ್ದ ಒಂದು ಕೂಟದ ಹೆಸರೂ ಆಗಿತ್ತು. ಮಳೆಗಾಲ ಮುಗಿದು ಕಡಲು ತಣ್ಣಗಾದ ಮೇಲೆ ಬಂಗುಡೆ, ಬೂತಾಯಿಗಳ ಹಿಂಡು ದಡದ ಹತ್ತಿರ ಬರುತ್ತದೆ. ನೀರಿನ ಬಣ್ಣ ಬದಲಾದದ್ದನ್ನೂ ಹಕ್ಕಿಗಳು ಎರಗುವುದನ್ನೂ ನೋಡಿ ಅನುಭವಸ್ಥರು ಸುಳಿವು ಕೊಡುತ್ತಿದ್ದರು. ದೋಣಿಯೊಂದು ಬಲೆ ಬಿಡುತ್ತಾ ಅರ್ಧಚಂದ್ರದಂತೆ ಸುತ್ತಿ ಬಂದರೆ, ದಡದಲ್ಲಿ ಎರಡೂ ತುದಿಯ ಹಗ್ಗ ಹಿಡಿದು ಎಳೆಯಲು ಐವತ್ತು ಅರವತ್ತು ಜನ, ಕೆಲವೊಮ್ಮೆ ಇನ್ನೂ ಹೆಚ್ಚು ಜನ ಬೇಕಾಗುತ್ತಿತ್ತು. ಬಲೆಯ ಉದ್ದ ಒಂದು ಕಿಲೋಮೀಟರನ್ನು ಮೀರಿದ್ದೂ ಉಂಟು. ಅಷ್ಟು ದೊಡ್ಡದನ್ನು ಒಬ್ಬನೇ ಹೊಂದುವುದೂ ಕಷ್ಟ, ಎಳೆಯುವುದಂತೂ ಅಸಾಧ್ಯ. ಮನೆಮನೆಯವರು ತಂದ ತುಂಡುಗಳು ಸೇರಿ ಬಲೆಯಾಗುತ್ತಿತ್ತು. ಸಿಕ್ಕಿದ ಮೀನಿನಲ್ಲಿ ಬಲೆಗೆ ಪಾಲು, ದೋಣಿಗೆ ಪಾಲು, ದುಡಿದ ಕೈಗೆ ಪಾಲು.

ಇದನ್ನು ಸತ್ಯಯುಗವೆಂದು ವರ್ಣಿಸಬೇಕಾಗಿಲ್ಲ. ಬಂಡವಾಳ ಹಾಕಿದವನ ಪಾಲು ದೊಡ್ಡದೇ ಇರುತ್ತಿತ್ತು. ಮುಂಗಡ ಕೊಟ್ಟ ವ್ಯಾಪಾರಿ ಹೇಳಿದ್ದೇ ಬೆಲೆ. ಆದರೆ ರಂಪಣಿಗೆ ಅದರ ರಚನೆಯಲ್ಲಿಯೇ ಒಂದು ಅಂಕೆ ಇತ್ತು. ಅದು ಮೀನನ್ನು ಬೆನ್ನಟ್ಟಿ ಹೋಗಲಾರದು. ದಡಕ್ಕೆ ಬಂದದ್ದು ಅದರದ್ದು, ಬಾರದೆ ಉಳಿದದ್ದು ಕಡಲಿನದು. ಹಿಂಡು ದೊಡ್ಡದಿದ್ದರೆ ಬಲೆಯೊಳಗೇ ಮೀನನ್ನು ಜೀವಂತವಾಗಿ ತಡೆದಿಟ್ಟು, ಉಪ್ಪು ಮತ್ತು ಗಿರಾಕಿ ಸಿಕ್ಕಂತೆ ಕೆಲವು ದಿನಗಳಲ್ಲಿ ಸ್ವಲ್ಪಸ್ವಲ್ಪವೇ ತೆಗೆಯುವ ಕ್ರಮವೂ ಇತ್ತು.

ಈ ದಡದಲ್ಲಿ ಯಾರ್‍ಯಾರಿದ್ದರು? ಮೊಗವೀರರು, ಖಾರ್ವಿಗಳು, ಹರಿಕಂತ್ರರು, ಗಾಬಿತರು, ಅಂಬಿಗರು, ಕ್ರೈಸ್ತರು. ಉತ್ತರ ಕನ್ನಡದ ದಾಲ್ದಿ ಮುಸ್ಲಿಮರನ್ನು ನಾವು ಹೆಚ್ಚಾಗಿ ಮರೆಯುತ್ತೇವೆ. 1883ರಲ್ಲಿ ಪ್ರಕಟವಾದ ಮುಂಬೈ ಪ್ರಾಂತ್ಯದ ಕೆನರಾ ಗೆಜೆಟಿಯರ್ ಇವರನ್ನು ಮೀನುಗಾರ ಸಮುದಾಯವಾಗಿ ದಾಖಲಿಸಿದೆ. ಕರಾವಳಿಯ ಮುಸ್ಲಿಮರೆಂದರೆ ಹಡಗಿನ ವ್ಯಾಪಾರಿಗಳು ಮಾತ್ರ ಎಂಬ ಕಲ್ಪನೆಗೆ ಇಬ್ನ್ ಬತೂತಾನ ಪ್ರವಾಸಕಥನವೂ ಒಂದು ಕಾರಣವಿರಬಹುದು. ಹದಿನಾಲ್ಕನೆಯ ಶತಮಾನದಲ್ಲಿ ಹೊನ್ನಾವರಕ್ಕೆ ಬಂದಿದ್ದ ಆತ ಅಲ್ಲಿನ ಸುಲ್ತಾನ ಜಮಾಲುದ್ದೀನನನ್ನೂ ಹೆಣ್ಣುಮಕ್ಕಳ ಮದರಸಾಗಳನ್ನೂ ಮೆಚ್ಚಿ ಬರೆದ. ಬಲೆ ಎಳೆಯುವವರು ದರಬಾರಿನಲ್ಲಿ ಕಾಣಸಿಗುವವರಲ್ಲ.

ಸರ್ಕಾರಕ್ಕೆ ಮೀನುಗಾರ ಮೊದಲು ಕಂಡದ್ದು ಉಪ್ಪಿನ ಲೆಕ್ಕದಲ್ಲಿ. ಬ್ರಿಟಿಷರ ಉಪ್ಪಿನ ತೆರಿಗೆಯಿಂದ ಮೀನು ಒಣಗಿಸುವ ಕಸುಬು ಸೊರಗಿತು. ಹಿಡಿದ ಮೀನು ಕೊಳೆತು ತೆಂಗಿನ ತೋಟಕ್ಕೆ ಗೊಬ್ಬರವಾಗುತ್ತಿತ್ತು. ಮೀನುಗಳ ಬಗ್ಗೆ ಅಧ್ಯಯನ ಮಾಡಿದ ಫ್ರಾನ್ಸಿಸ್ ಡೇ 1873ರ ತನ್ನ ವರದಿಯಲ್ಲಿ ಈ ಉಪ್ಪಿನ ಪ್ರಶ್ನೆಯನ್ನೆತ್ತಿದ. ಆಮೇಲೆ ಅಗ್ಗದ ಉಪ್ಪು ಸಿಗುವ ಸರ್ಕಾರಿ ಅಂಗಳಗಳು ತೆರೆದವು. 1862ರಿಂದ ಉತ್ತರ ಕನ್ನಡ ಮುಂಬೈಗೂ ದಕ್ಷಿಣ ಕನ್ನಡ ಮದರಾಸಿಗೂ ಸೇರಿದ್ದರಿಂದ ಒಂದೇ ಕಡಲಿಗೆ ಎರಡು ಕಾನೂನು. ಬಂಗುಡೆಗೆ ಈ ಗಡಿ ಗೊತ್ತಿರಲಿಲ್ಲ. 1940ರ ದಶಕದಲ್ಲಿ ಬೂತಾಯಿ ಕಣ್ಮರೆಯಾದಾಗ ಮದರಾಸು ಸರ್ಕಾರ 1943ರಲ್ಲಿ ಕೆಲವು ಬಲೆಗಳ ಮೇಲೆ ನಿರ್ಬಂಧ ಹೇರಿತು. ಮೀನಿನ ಬರ ಹೊಸದೇನಲ್ಲ ಎಂಬುದಕ್ಕೆ ಇದನ್ನು ನೆನಪಿಡಬೇಕು. ಈ ಮೀನು ಮಳೆ, ನೀರಿನ ಬಿಸಿ, ಆಹಾರಗಳಿಗೆ ತಕ್ಕಂತೆ ಏರಿಳಿಯುವಂಥದ್ದು.

ಸ್ವಾತಂತ್ರ್ಯದ ನಂತರ ಬಂದದ್ದು ಯಂತ್ರ. 1952ರಲ್ಲಿ ಕೇರಳದಲ್ಲಿ ಆರಂಭವಾದ ಇಂಡೋ-ನಾರ್ವೇಜಿಯನ್ ಯೋಜನೆ 1960ರ ದಶಕದಲ್ಲಿ ಕಾರವಾರಕ್ಕೂ ಬಂತು. 1969ರಲ್ಲಿ ಮಂಗಳೂರಿನಲ್ಲಿ ದೇಶದ ಮೊದಲ ಮೀನುಗಾರಿಕಾ ಕಾಲೇಜು ತೆರೆಯಿತು. ಟ್ರಾಲ್ ದೋಣಿಗಳು ಹೊರದೇಶಕ್ಕೆ ಹೋಗುವ ಸಿಗಡಿಯ ಹಿಂದೆ ಬಿದ್ದವು. ಅದರಿಂದ ರಂಪಣಿಗೆ ನೇರ ಪೆಟ್ಟಾಗಲಿಲ್ಲ. ಪೆಟ್ಟು ಬಿದ್ದದ್ದು 1970ರ ದಶಕದ ಮಧ್ಯದಲ್ಲಿ, ಪರ್ಸೀನ್ ಬಲೆ ಬಂದಾಗ. ಹಿಂಡನ್ನು ಸುತ್ತುವರಿದು, ಸಂಚಿಯ ಬಾಯಿಯ ದಾರ ಎಳೆದಂತೆ ಬಲೆಯ ತಳವನ್ನು ಮುಚ್ಚಿಬಿಡುವ ಉಪಾಯವದು. ದಡಕ್ಕೆ ಬರಬೇಕಿದ್ದ ಬಂಗುಡೆ ಆಳದ ನೀರಿನಲ್ಲೇ ಸಿಕ್ಕಿಬಿತ್ತು. ಕೆಲವೇ ವರ್ಷಗಳಲ್ಲಿ ರಂಪಣಿ ಬರಿದಾಯಿತು. ಮೀನು ಮಾತ್ರ ಹಿಂದೆಂದೂ ಕಾಣದಷ್ಟು ಬಂತು. ತಿನ್ನುವವರಿಗಿಂತ ಹೆಚ್ಚಾದದ್ದು ಮೀನಿನ ಹುಡಿ, ಎಣ್ಣೆಯ ಕಾರ್ಖಾನೆಗಳಿಗೆ ಹೋಯಿತು.

ರಂಪಣಿಯವರು ಪ್ರತಿಭಟಿಸಿದರು. ಅದೇ ಕಾಲಕ್ಕೆ ಗೋವೆಯ ರಾಂಪೊಣಕಾರರೂ ಟ್ರಾಲರುಗಳ ವಿರುದ್ಧ ಬೀದಿಗಿಳಿದಿದ್ದರು. ಆ ಚಳವಳಿಯ ಒಡಲಿಂದಲೇ 1978ರಲ್ಲಿ ರಾಷ್ಟ್ರಮಟ್ಟದ ಮೀನುಗಾರರ ವೇದಿಕೆ ಹುಟ್ಟಿತು. ನಮ್ಮಲ್ಲಿ ಕಥೆ ಬೇರೆ ತಿರುವು ಪಡೆಯಿತು. ರಂಪಣಿಯವರಲ್ಲೇ ಅನೇಕರು ಗುಂಪು ಕಟ್ಟಿ, ಸಾಲ ಎತ್ತಿ, ಪರ್ಸೀನ್ ದೋಣಿಗಳ ಪಾಲುದಾರರಾದರು. ಅವರನ್ನು ದೂರುವುದು ಸುಲಭ, ಆದರೆ ಅವರಿಗೆ ಬೇರೆ ದಾರಿ ಏನಿತ್ತು? ಪಾಲು ಕೊಳ್ಳಲು ಕಾಸಿಲ್ಲದವನು, ಹಗ್ಗ ಹಿಡಿಯುವ ಕೈ ಮಾತ್ರ ಇದ್ದವನು, ಈ ಲೆಕ್ಕದಿಂದ ಹೊರಬಿದ್ದ. ಇಪ್ಪತ್ತು ಇಪ್ಪತ್ತೈದು ಜನರ ದೋಣಿಯಲ್ಲಿ ಇಡೀ ಕೇರಿಗೆ ಜಾಗವಿರಲಿಲ್ಲ.

ಕಾನೂನು ಬಂದದ್ದು ಆಮೇಲೆ: 1986ರಲ್ಲಿ ಕರ್ನಾಟಕ ಕಡಲ ಮೀನುಗಾರಿಕೆ ನಿಯಂತ್ರಣ ಕಾಯ್ದೆ. ಈಗ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳಿಗೆ ರಜೆ. ಪ್ರಖರ ದೀಪ ಹಾಕಿ ಮೀನನ್ನು ಸೆಳೆಯುವುದನ್ನು ಕೇಂದ್ರ 2017ರಲ್ಲಿ ನಿಷೇಧಿಸಿತು. ರಂಪಣಿಯ ಕಾಲದಲ್ಲಿ ಇಂಥ ನಿಷೇಧದ ಅಗತ್ಯವೇ ಇರಲಿಲ್ಲ, ಮಳೆಗಾಲದ ಕಡಲೇ ಬಾಗಿಲು ಹಾಕಿಕೊಳ್ಳುತ್ತಿತ್ತು. ನೆರೆಯ ಕೇರಳದಲ್ಲಿ 2012ರಲ್ಲಿ ಸುಮಾರು ನಾಲ್ಕು ಲಕ್ಷ ಟನ್ ಸಿಕ್ಕಿದ್ದ ಬೂತಾಯಿ 2021ರಲ್ಲಿ 3,297 ಟನ್‌ಗೆ ಇಳಿಯಿತು. ಕಡಲಿನ ಏರಿಳಿತ ಹಳೆಯದು, ನಿಜ. ಆದರೆ ಇಳಿದಾಗಲೂ ಬಿಡದೆ ಬೆನ್ನಟ್ಟುವ ಶಕ್ತಿ ಹೊಸದು.

ತ್ಯಾಗರಾಜನಗರದಲ್ಲಿ ಕೂತು ಇದನ್ನು ಬರೆಯುವವನಿಗೆ ಕಡಲು ಮುನ್ನೂರು ಕಿಲೋಮೀಟರಿಗೂ ದೂರ. ಆದರೂ ಘಟ್ಟ ಹತ್ತಿ ಬರುವ ಮಂಜುಗಡ್ಡೆಯ ಲಾರಿಗಳು ನಮ್ಮನ್ನೂ ಈ ಚರಿತ್ರೆಯೊಳಕ್ಕೆ ಎಳೆದಿವೆ. ಒಣಗಿಸಿ ಮಾರುತ್ತಿದ್ದ ಮೀನಿಗೆ ಬೆಂಗಳೂರಿನಂಥ ದೊಡ್ಡ ಬಾಯಿ ಸಿಕ್ಕಿದ್ದು ಆ ಮಂಜುಗಡ್ಡೆಯಿಂದಲೇ.

ಈಗ ಜಗಳ ಮೀನಿನಿಂದ ದಡಕ್ಕೇ ಬಂದಿದೆ. ಹೊನ್ನಾವರದಲ್ಲಿ, ಶರಾವತಿ ಕಡಲು ಸೇರುವಲ್ಲಿರುವ ಕಾಸರಕೋಡ ಟೊಂಕದಲ್ಲಿ ಖಾಸಗಿ ಬಂದರಿಗಾಗಿ 2010ರಲ್ಲಿ ಸರ್ಕಾರ ಒಪ್ಪಂದ ಮಾಡಿಕೊಂಡಿತು. ಆ ಮರಳಿನಲ್ಲಿ ಹೆಂಗಸರು ಮೀನು ಒಣಗಿಸುತ್ತಾರೆ, ಆಲಿವ್ ರಿಡ್ಲೆ ಆಮೆಗಳು ಮೊಟ್ಟೆಯಿಡುತ್ತವೆ. ಬಂದರನ್ನು ವಿರೋಧಿಸಿ ಹಿಂದೂ, ಮುಸ್ಲಿಮ್, ಕ್ರೈಸ್ತ ಮೀನುಗಾರರು ಜೊತೆಯಾಗಿಯೇ ನಿಂತಿದ್ದಾರೆ. ಎಷ್ಟೋ ಮಂದಿ ಪೊಲೀಸ್ ಕೇಸುಗಳನ್ನೂ ಎದುರಿಸಿದ್ದಾರೆ. ತಲೆಮಾರುಗಳಿಂದ ಬಳಸಿದ ದಡಕ್ಕೆ ಅವರ ಕೈಯಲ್ಲಿ ಪಟ್ಟೆಯಿಲ್ಲ. ರಂಪಣಿಯ ಪಾಲಿಗೂ ಯಾವ ದಸ್ತಾವೇಜೂ ಇರಲಿಲ್ಲ.

ಉಡುಪಿ ಕಡೆಯ ದಡಗಳಲ್ಲಿ ಕೈರಂಪಣಿ ಎಂಬ ಸಣ್ಣ ಬಲೆ ಇನ್ನೂ ಉಳಿದಿದೆ. ಕೆಲವೇ ಜನ ಸೇರಿ ಎಳೆಯುತ್ತಾರೆ. ಮೀನು ಬಂದ ದಿನ ಅಲ್ಲೇ ಮರಳಿನ ಮೇಲೆ ಪಾಲು ಮಾಡುತ್ತಾರೆ.