ಮಗ್ಗ ನಿಂತರೆ

ಕಾನೂನು ಓದಿದವರಿಗೆಲ್ಲ ಮಿನರ್ವಾ ಮಿಲ್ಸ್ ಗೊತ್ತು. ಸಂಸತ್ತು ಸಂವಿಧಾನದ ಮೂಲ ಸ್ವರೂಪವನ್ನು ಕೆಡಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟು 1980ರಲ್ಲಿ ಮತ್ತೊಮ್ಮೆ ಗಟ್ಟಿಯಾಗಿ ಹೇಳಿದ್ದು ಆ ಹೆಸರಿನ ಮೊಕದ್ದಮೆಯಲ್ಲಿ. ಆ ಮಿಲ್ಲು ಎಲ್ಲಿತ್ತು ಎಂದು ಕೇಳಿದರೆ ದೊಡ್ಡ ದೊಡ್ಡ ವಕೀಲರೂ ತಡವರಿಸಬಹುದು. ಮಾರೇನಹಳ್ಳಿಯ ನಮ್ಮ ತಲೆಮಾರು ತಡವರಿಸುವುದಿಲ್ಲ. ಅದು ಮಾಗಡಿ ರಸ್ತೆಯ ಸಿಟಿ ಕಡೆಯ ತುದಿಯಲ್ಲಿತ್ತು, ಅಲ್ಲಿ ಪಾಳಿ ಮುಗಿಸಿದವರು ಸೈಕಲ್ ತುಳಿದುಕೊಂಡು ನಮ್ಮ ಬೀದಿಗೇ ಬರುತ್ತಿದ್ದರು. (ಜಯನಗರದ ಮಗ್ಗುಲಿನ ಮಾರೇನಹಳ್ಳಿ ಬೇರೆ. ನಾನು ಹೇಳುತ್ತಿರುವುದು ವಿಜಯನಗರದ್ದು. ಆಟೋದವರಿಗೆ ಈಗಲೂ ಬಿಡಿಸಿ ಹೇಳಬೇಕು.)

ಮಿನರ್ವಾದ ಆಡಳಿತವನ್ನು ಕೇಂದ್ರ ಸರ್ಕಾರ 1971ರಲ್ಲಿ ವಹಿಸಿಕೊಂಡಿತು. 1974ರ ರಾಷ್ಟ್ರೀಕರಣ ಕಾಯ್ದೆಯಲ್ಲಿ ಮಿಲ್ಲು ಸರ್ಕಾರದ್ದೇ ಆಯಿತು. ಮಾಲೀಕರು ಕೋರ್ಟಿಗೆ ಹೋದರು, ಕೆಲಸಗಾರರು ನೆಮ್ಮದಿಯಿಂದ ಮನೆಗೆ ಹೋದರು. ಸರ್ಕಾರ ಕೈ ಹಿಡಿದ ಮೇಲೆ ಅನ್ನಕ್ಕೆ ಮೋಸವಿಲ್ಲ ಎಂಬ ಧೈರ್ಯ ಆಗ ಬೀದಿಬೀದಿಯಲ್ಲೂ ಇತ್ತು. ಆ ಧೈರ್ಯದ ಮೇಲೆ ಸೈಟು ಕೊಂಡರು, ಮಗಳ ಮದುವೆಗೆ ಸಾಲ ಮಾಡಿದರು. ಇವತ್ತು ನಮ್ಮ ಸುತ್ತಿನ ಆ ಕಾಲದ ಮಿಲ್ಲುಗಳು ಯಾವುವೂ ಇಲ್ಲ. 1884ರಲ್ಲಿ ಶುರುವಾದ ರಾಜಾ ಮಿಲ್ಲಿನ ಜಾಗದಲ್ಲಿ ಮಲ್ಲೇಶ್ವರದ ಮಾಲ್ ನಿಂತಿದೆ. ಅದೇ ವರ್ಷ ಹುಟ್ಟಿ, ಎರಡು ವರ್ಷಕ್ಕೆ ಬಿನ್ನಿ ಕಂಪನಿಯ ಕೈಗೆ ಬಂದು, ಒಂದು ಪೇಟೆಗೇ ಹೆಸರು ಕೊಟ್ಟ ಮಿಲ್ಲಿನ ನೆಲದಲ್ಲಿ ಅಪಾರ್ಟ್‌ಮೆಂಟುಗಳಿವೆ. 2024ರ ಜುಲೈನಲ್ಲಿ ಪಂಚೆ ಉಟ್ಟು ಬಂದ ಒಬ್ಬ ರೈತರನ್ನು ಮಾಗಡಿ ರಸ್ತೆಯ ಮಾಲ್ ಒಂದರಲ್ಲಿ ಒಳಗೆ ಬಿಡಲಿಲ್ಲವೆಂದು ದೊಡ್ಡ ಗಲಾಟೆಯಾಯಿತಲ್ಲ, ಆಗ ನನಗೆ ಮೊದಲು ಹೊಳೆದದ್ದು, ಇದು ಬಟ್ಟೆ ನೇಯ್ದು ಬದುಕಿದ ರಸ್ತೆ ಎಂಬುದು.

ಇಲ್ಲಿ ನಾನು ಬರೆಯಹೊರಟದ್ದು ಮಿಲ್ಲುಗಳ ಚರಿತ್ರೆಯನ್ನಲ್ಲ. ಕೆಲಸ ಹೋಗಬಹುದು ಎಂದು ಮೊದಲೇ ಲೆಕ್ಕ ಹಾಕಿಡುವ ಒಂದು ಪದ್ಧತಿ ನಮ್ಮಂಥ ಕೆಲವು ಕ್ರೈಸ್ತ ಮನೆಗಳಲ್ಲಿತ್ತು. ಅದು ಎಲ್ಲಿಂದ ಬಂತು ಎಂಬುದನ್ನು ಬರೆದಿಡಬೇಕೆನಿಸಿತು.

ಅಪ್ಪ ಮೈಸೂರು ರಸ್ತೆ ಕಡೆಯ ಒಂದು ಕಾರ್ಖಾನೆಯಲ್ಲಿ ಟರ್ನರ್. ಅಮ್ಮ ಗದಗಿನ ಬೆಟಗೇರಿಯವಳು, ನೇಕಾರರ ಮನೆತನ, ಬಾಸೆಲ್ ಮಿಷನ್ ಸಭೆ. ಬೆಂಗಳೂರಿಗೆ ಬಂದು ಎಷ್ಟು ವರ್ಷವಾದರೂ ಅವಳ ಮಾತು ಬೆಟಗೇರಿಯದೇ. ಪ್ರತಿ ಶನಿವಾರ ರಾತ್ರಿ ಊಟವಾದ ಮೇಲೆ ಅವಳು ಉದ್ದನೆಯ ಲೆಕ್ಕದ ಪುಸ್ತಕ ತೆಗೆಯುತ್ತಿದ್ದಳು. ರೇಷನ್, ಫೀಸು, ಸೀಮೆಎಣ್ಣೆ, ಚೀಟಿ, ಕಾಣಿಕೆ ಎಂದು ಕಾಲಂಗಳು. ಕೊನೆಯ ಕಾಲಮ್ಮಿನ ತಲೆಯ ಮೇಲೆ ‘ಮಗ್ಗ ನಿಂತರೆ’ ಎಂದು ಬರೆದಿರುತ್ತಿತ್ತು. ನಾಳೆಯಿಂದ ಅಪ್ಪನ ಸಂಬಳ ನಿಂತರೆ ಮನೆ ಎಷ್ಟು ದಿನ ನಡೆದೀತು ಎಂಬ ಒಂದೇ ಅಂಕಿ ಅದರಲ್ಲಿ. ನಮ್ಮ ಮನೆಯಲ್ಲಿ ಮಗ್ಗವೇ ಇರಲಿಲ್ಲ. ಬೆಟಗೇರಿಯ ಅಜ್ಜಿಯ ಪುಸ್ತಕದಲ್ಲಿ ಹಾಗೆ ಬರೆಯುತ್ತಿದ್ದರಂತೆ, ಅಮ್ಮ ಅದನ್ನೇ ಮುಂದುವರಿಸಿದಳು.

ನೇಕಾರರಿಗೆ ಈ ಲೆಕ್ಕ ಹೊಸದಲ್ಲ. ಮಳೆ ಹಿಡಿದರೆ ಹಾಸು ನೂಲಿಗೆ ಗಂಜಿ ಹಾಕಿ ಬಯಲಲ್ಲಿ ಒಣಗಿಸುವಂತಿಲ್ಲ, ಕುಣಿ ಮಗ್ಗದ ಗುಂಡಿಯಲ್ಲಿ ತೇವ. ಅಂಥ ದಿನಗಳಿಗೆ ಜೋಳ ಎತ್ತಿಡಲೇಬೇಕು. ಇದು ಯಾವ ಜಾತಿ ಧರ್ಮದ ನೇಕಾರರಿಗೂ ಇದ್ದದ್ದೇ. ಆದರೆ ಬಾಸೆಲ್ ಮಿಷನ್ನಿನ ಸಭೆಗಳಿಗೆ ಕೆಲಸ ಕಳೆದುಕೊಂಡ ಇನ್ನೊಂದು ನೆನಪೂ ಇತ್ತು. ಮಿಷನ್ 1834ರಲ್ಲಿ ಮಂಗಳೂರಿಗೆ ಬಂತು, 1841ರ ಹೊತ್ತಿಗೆ ಬೆಟಗೇರಿಗೆ. ಕರಾವಳಿಯಲ್ಲಿ ದೀಕ್ಷಾಸ್ನಾನ ಪಡೆದವರಲ್ಲಿ ಬಹಳಷ್ಟು ಜನ ಶೇಂದಿ ಇಳಿಸುವವರು, ಗೇಣಿ ಒಕ್ಕಲುಗಳು. ಶೇಂದಿ ಕೆಲಸ ಬೇಡವೆಂದು ಮಿಷನ್ನೇ ಹೇಳಿತು, ಜಾತಿ ಬಿಟ್ಟವನೆಂದು ಧಣಿ ಗೇಣಿ ಬಿಡಿಸಿದ. ಎರಡು ಕಡೆಯಿಂದಲೂ ಅನ್ನ ಹೋಯಿತು. ಅಂದರೆ ನಮ್ಮ ಸಭೆಯ ಮೊದಲ ತಲೆಮಾರಿನ ಎಷ್ಟೋ ಜನರಿಗೆ ನಂಬಿಕೆಯೂ ನಿರುದ್ಯೋಗವೂ ಒಟ್ಟಿಗೇ ಬಂದವು.

ಇವರಿಗೆಲ್ಲ ಕೆಲಸ ಎಲ್ಲಿಂದ ತರುವುದು? ಮಿಷನ್ ಬೇಸಾಯ ಮಾಡಿಸಿ ನೋಡಿತು, ಅಚ್ಚುಕೂಟ ತೆರೆಯಿತು, ಗಡಿಯಾರದ ಕೆಲಸ ಕಲಿಸಿತು. ಗಡಿಯಾರದ ಕೆಲಸ ಕೈ ಹತ್ತಲಿಲ್ಲ. ನೇಯ್ಗೆ ಹತ್ತಿತು. 1865ರಲ್ಲಿ ಪ್ಲೆಬ್ಸ್ಟ್ ಎಂಬ ಮಿಷನರಿ ಮಂಗಳೂರಿನ ಜೆಪ್ಪುವಿನಲ್ಲಿ ಶುರುಮಾಡಿದ ಹೆಂಚಿನ ಕಾರ್ಖಾನೆ ಎಲ್ಲಕ್ಕಿಂತ ಚೆನ್ನಾಗಿ ಹತ್ತಿತು. ಮಂಗಳೂರು ಹೆಂಚು ಅರ್ಧ ದೇಶದ ಮಾಡಿಗೆ ಹತ್ತಿದ್ದು ಕೆಲಸ ಹೋದವರಿಗೆ ಕೆಲಸ ಹುಡುಕುವ ತಾಪತ್ರಯದಿಂದ ಎಂಬುದನ್ನು ಹೆಂಚು ಹೊದಿಸಿದವರು ಯೋಚಿಸಿರಲಾರರು. ಆ ಕಾರ್ಖಾನೆಗಳಲ್ಲಿ ಕಾಯಿಲೆ ಬಿದ್ದವರಿಗೆಂದು ನಿಧಿ ಇಡುತ್ತಿದ್ದರು, ಸಂಬಳದಲ್ಲಿ ಉಳಿಸಿ ಎಂದು ಬೋಧಿಸುತ್ತಿದ್ದರು. ಇದಕ್ಕೆ ಇನ್ನೊಂದು ಮುಖವೂ ಉಂಟು. ಸಭೆಯ ಅಯ್ಯನೇ ಸಂಬಳ ಕೊಡುವ ಧಣಿಯ ಕಡೆಯವನೂ ಆದಾಗ, ಭಾನುವಾರ ಆರಾಧನೆಗೆ ಬಾರದಿದ್ದರೆ ಸೋಮವಾರ ಏನಾಗುವುದೋ ಎಂಬ ಅಂಜಿಕೆ ಇರದೆ ಇದ್ದೀತೆ? ಅಮ್ಮನ ಕಡೆಯ ಹಿರಿಯರು ಮಿಷನ್ನನ್ನು ಹೊಗಳುವಾಗ ಈ ಮಾತನ್ನು ನುಂಗಿಬಿಡುತ್ತಿದ್ದರು.

1914ರಲ್ಲಿ ಯುದ್ಧ ಬಂತು. ಬಾಸೆಲ್ ಮಿಷನ್ನಿನಲ್ಲಿದ್ದ ಜರ್ಮನ್ ಮಿಷನರಿಗಳನ್ನು ಬ್ರಿಟಿಷ್ ಸರ್ಕಾರ ಬಂಧನದಲ್ಲಿಟ್ಟಿತು. ಯುದ್ಧ ಮುಗಿದ ಮೇಲೆ ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಕಂಪನಿಯ ಪಾಲಾದವು. ದೇವರು ಕೊಟ್ಟ ಕೆಲಸ ಎಂದುಕೊಂಡದ್ದರ ಯಜಮಾನಿಕೆ ಎಲ್ಲೋ ದೂರದ ಒಂದು ತೀರ್ಮಾನದಿಂದ ಬದಲಾಗಿತ್ತು.

ಬೆಟಗೇರಿಯ ಅಜ್ಜಿಯ ಪುಸ್ತಕಕ್ಕೆ ಇನ್ನೊಂದು ನೆರೆಯ ಪ್ರಭಾವವೂ ಇದ್ದಿರಬೇಕು ಎಂದು ನನ್ನ ಊಹೆ. ಅದೇ ಗದಗ ಸೀಮೆಯ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಪಾಟೀಲರು ದೇಶದ ಮೊದಮೊದಲ ಸಹಕಾರ ಸಂಘಗಳಲ್ಲೊಂದನ್ನು ಕಟ್ಟಿದರು. ಒಂದು ಸಹಕಾರ ಸಂಘದಲ್ಲೇ ಲೆಕ್ಕ ಬರೆದು ನಿವೃತ್ತಳಾದ ನನಗೆ ಆ ಹಳ್ಳಿಯ ಹೆಸರು ಕೇಳಿದರೆ ಸುಮ್ಮನೆ ಹೆಮ್ಮೆ.

ಮಾರೇನಹಳ್ಳಿಯವರು ಈ ಲೆಕ್ಕ ಕಲಿತದ್ದು 1980ರ ಡಿಸೆಂಬರ್ 26ರಂದು ಶುರುವಾದ ಮುಷ್ಕರದಲ್ಲಿ. ಎಚ್‌ಎಎಲ್, ಬಿಇಎಲ್, ಐಟಿಐ, ಎಚ್‌ಎಂಟಿ, ಬಿಇಎಂಎಲ್ ಐದೂ ಸರ್ಕಾರಿ ಕಾರ್ಖಾನೆಗಳು ನಿಂತವು. 77 ದಿನ ಸಂಬಳವಿಲ್ಲ. ಬೀದಿಯ ಉಳಿದ ಮನೆಗಳಿಗೆ ಅಸೂಯೆ ಹುಟ್ಟಿಸುತ್ತಿದ್ದ ಫ್ಯಾಕ್ಟರಿ ಬಸ್ಸುಗಳು ಬರಲಿಲ್ಲ. ಮೊದಲ ತಿಂಗಳು ಅಂಗಡಿಯ ಶೆಟ್ಟರು ಉದ್ರಿ ಕೊಟ್ಟರು, ಎರಡನೆಯ ತಿಂಗಳು ಮುಖ ನೋಡಿ ಕೊಟ್ಟರು, ಮೂರನೆಯ ತಿಂಗಳು ಪಾತ್ರೆ ಪಡಗ ಗಿರವಿ ಅಂಗಡಿ ಸೇರಿದವು. ಪಕ್ಕದ ಮನೆಯಾಕೆ ಊದುಬತ್ತಿ ಹೊಸೆಯಲು ಕೂತರು, ಸಾವಿರಕ್ಕೆ ಇಷ್ಟು ಎಂದು ಕೂಲಿ. ಗಂಡನಿಗೆ ನಾಚಿಕೆಯಾಗಿ ಬಾಗಿಲು ಹಾಕಿಸುತ್ತಿದ್ದರು. ಆಕೆ ಮುಷ್ಕರ ಮುಗಿದ ಮೇಲೂ ಊದುಬತ್ತಿ ಬಿಡಲಿಲ್ಲ, ಬಾಗಿಲನ್ನೂ ತೆರೆದೇ ಇಟ್ಟರು. ಬೇಡಿಕೆ ಈಡೇರದೆಯೇ ಮಾರ್ಚಿನಲ್ಲಿ ಎಲ್ಲರೂ ಕೆಲಸಕ್ಕೆ ಮರಳಿದರು. ಮುಂದಿನ ವರ್ಷಗಳಲ್ಲಿ ನಮ್ಮ ಬೀದಿಯ ಇಪ್ಪತ್ತು ಮೂವತ್ತರ ಸೈಟುಗಳಲ್ಲಿ ಮೇಲೊಂದು ರೂಮು, ಹಿಂದೊಂದು ರೂಮು ಏಳತೊಡಗಿದವು. ಬಾಡಿಗೆ ಬಂದರೆ ಸಂಬಳ ನಿಂತರೂ ಹಾಲಿಗೆ ಆದೀತು ಎಂಬ ಲೆಕ್ಕ. ವಿಜಯನಗರ, ಮಾರೇನಹಳ್ಳಿಗಳ ಇಕ್ಕಟ್ಟನ್ನು ಬೈಯುವವರಿಗೆ ಆ ರೂಮುಗಳ ಹಿಂದಿನ ಭಯ ಗೊತ್ತಿಲ್ಲ.

ಅಮ್ಮ ಅಪ್ಪನ ನಡುವೆ ಆ ಲೆಕ್ಕದ ಪುಸ್ತಕದ ಬಗ್ಗೆ ದೊಡ್ಡ ವಾದವೇ ಇತ್ತು. ಅಪ್ಪ ಮುಂಗಡ ಲೆಕ್ಕವನ್ನು ನಂಬಿಕೆಯ ಕೊರತೆ ಎನ್ನುತ್ತಿದ್ದರು. ಅವರ ಆಧಾರ ಮನ್ನದ ಕಥೆ. ಅರಣ್ಯದಲ್ಲಿ ಇಸ್ರಾಯೇಲ್ಯರಿಗೆ ದಿನದಿನಕ್ಕೆ ಮನ್ನ ಬೀಳುತ್ತಿತ್ತು, ನಾಳೆಗೆಂದು ಎತ್ತಿಟ್ಟುಕೊಂಡವರದು ಹುಳ ಬಿದ್ದು ನಾರಿತು. ಅಮ್ಮ ಯೋಸೇಫನನ್ನು ತರುತ್ತಿದ್ದಳು. ‘ಕನಸು ತೋರ್ಸಿದ್ದು ದೇವ್ರು ಖರೇ. ಏಳು ವರ್ಷ ಕಾಳು ಅಳದು ಕಣಜ ತುಂಬಿದಂವ ಯೋಸೇಫ ಅಲ್ರೀ?’ ಅಪ್ಪ ಸುಮ್ಮನಾಗದಿದ್ದರೆ ಅವಳ ಹತ್ತಿರ ಇನ್ನೊಂದಿತ್ತು. ಅದೇ ಮನ್ನದ ಅಧ್ಯಾಯದಲ್ಲಿ, ಸಬ್ಬತ್ತಿನ ಹಿಂದಿನ ದಿನ ಎರಡರಷ್ಟು ಕೂಡಿಸಿಟ್ಟದ್ದು ಕೆಡಲಿಲ್ಲ. ‘ಅದಕ್ಕ ನಾ ಶನಿವಾರ ರಾತ್ರಿ ಲೆಕ್ಕ ಬರೀತೀನಿ’ ಎಂದು ಪೆನ್ನಿನ ಟೋಪಿ ತಿರುವುತ್ತಿದ್ದಳು. ಇಬ್ಬರೂ ಸತ್ಯವೇದದಲ್ಲೇ ನಿಂತು ಜಗಳವಾಡುತ್ತಿದ್ದರಿಂದ ಸಭಾಪಾಲಕರು ಯಾರ ಕಡೆಗೂ ತೀರ್ಪು ಕೊಡದೆ ಕಾಫಿ ಕುಡಿದು ಹೋಗುತ್ತಿದ್ದರು.

ಅವಳ ಇನ್ನೊಂದು ಪದ್ಧತಿ ಹಿಡಿ ಕಾಳು. ಅಡುಗೆಗೆ ಅಳೆದ ಅಕ್ಕಿಯಲ್ಲೋ ಜೋಳದಲ್ಲೋ ಒಂದು ಹಿಡಿ ಬೇರೆ ಡಬ್ಬಿಗೆ. ಮಿಜೋರಾಂನ ಕ್ರೈಸ್ತ ಹೆಂಗಸರು 1910ರಿಂದ ಹೀಗೆ ಹಿಡಿ ಅಕ್ಕಿ ಎತ್ತಿಟ್ಟು ತಮ್ಮ ಸಭೆಗಳನ್ನೇ ನಡೆಸಿದ್ದಾರೆ. ಅಮ್ಮನ ಡಬ್ಬಿ ಅಷ್ಟು ದೊಡ್ಡ ಕೆಲಸದ್ದಲ್ಲ. ಅದು ಸುಗ್ಗಿ ಹಬ್ಬದ ಕಾಣಿಕೆಗೆ ಹೋಗುತ್ತಿತ್ತು, ಆದರೆ ಅದಕ್ಕೆ ಮೊದಲು ಬೀದಿಯಲ್ಲಿ ಯಾರಿಗಾದರೂ ಕೆಲಸ ಹೋದರೆ ಅವರ ಮನೆಗೆ. ಮುಷ್ಕರದ ವರ್ಷ ಸುಗ್ಗಿ ಹಬ್ಬದ ಹರಾಜಿಗೆ ನಮ್ಮ ಮನೆಯಿಂದ ಹೋದದ್ದು ಬರೀ ಒಂದು ಕುಂಬಳಕಾಯಿ.

ತೊಂಬತ್ತರ ದಶಕದಲ್ಲಿ ಅಪ್ಪನ ಕಾರ್ಖಾನೆಯ ಸರದಿ ಬಂತು. ಮೊದಲು ಓವರ್‌ಟೈಮ್ ನಿಂತಿತು, ಆಮೇಲೆ ಕ್ಯಾಂಟೀನಿನ ಸಬ್ಸಿಡಿ, ಆಮೇಲೆ ಸಂಬಳ ಏಳಕ್ಕೆ ಬದಲು ಹದಿನೈದಕ್ಕೆ. ಇವು ಮೂರೂ ಕಂಡರೆ ತಯಾರಾಗಿ ಎಂದು ಮಿಲ್ಲಿನ ಹಳಬರು ಹೇಳುತ್ತಿದ್ದರು. ಕೊನೆಗೆ ನೋಟಿಸ್ ಬೋರ್ಡಿನಲ್ಲಿ ಸ್ವಯಂ ನಿವೃತ್ತಿ. ಅದರ ಹೆಸರಿನಲ್ಲಿರುವ ಸ್ವಯಂ ಎಷ್ಟು ಸ್ವಯಂ ಎಂಬುದು ಅಲ್ಲಿದ್ದವರಿಗೇ ಗೊತ್ತು. ಆಗಿನ ಕಾಯ್ದೆ ಪ್ರಕಾರ ಕಂಪನಿ ತಾನಾಗಿ ಕೆಲಸದಿಂದ ತೆಗೆದರೆ ಕನಿಷ್ಠ ಒಂದು ತಿಂಗಳ ನೋಟಿಸು, ಸೇವೆಯ ವರ್ಷಕ್ಕೆ 15 ದಿನದ ಸರಾಸರಿ ವೇತನ ಪರಿಹಾರ ಕೊಡಬೇಕಿತ್ತು. ಸ್ವಯಂ ಎಂದು ಸಹಿ ಹಾಕಿದರೆ ಕಂಪನಿ ಹೇಳಿದ ಲೆಕ್ಕವೇ ಲೆಕ್ಕ. 2005ರ ಏಪ್ರಿಲ್‌ನಲ್ಲಿ ಇಎಸ್‌ಐನವರು ಕಾರ್ಖಾನೆ ಮುಚ್ಚಿ ಕೆಲಸ ಹೋದವರಿಗೆ ನಿರುದ್ಯೋಗ ಭತ್ಯೆ ತಂದಾಗಲೂ ಸ್ವಯಂ ನಿವೃತ್ತರನ್ನು ಹೊರಗಿಟ್ಟರು. ಅಪ್ಪನ ಕಾಲಕ್ಕೆ ಅದೂ ಇರಲಿಲ್ಲ.

ಗ್ರಾಚ್ಯುಟಿ ಲೆಕ್ಕವನ್ನು ಅಮ್ಮ ಕಾರ್ಮಿಕ ಸಂಘದವರಿಗಿಂತ ಮೊದಲೇ ಹಾಕಿ ಮುಗಿಸಿದ್ದಳು. 1972ರ ಕಾಯ್ದೆಯ ಸೂತ್ರ ಸರಳವಾಗಿತ್ತು. ಕೊನೆಯ ತಿಂಗಳ ಮೂಲವೇತನ ಮತ್ತು ತುಟ್ಟಿಭತ್ಯೆ ಸೇರಿ 2,600 ಎಂದುಕೊಳ್ಳಿ. 26ರಿಂದ ಭಾಗಿಸಿದರೆ ದಿನಕ್ಕೆ 100, ವರ್ಷಕ್ಕೆ 15 ದಿನದಂತೆ 1,500, 25 ವರ್ಷಕ್ಕೆ 37,500. ಬೀದಿಯ ಹೆಂಗಸರು ಸಂಬಳದ ಚೀಟಿ ಹಿಡಿದು ನಮ್ಮ ಮನೆಗೆ ಬರತೊಡಗಿದರು. ರಾಜಾಜಿನಗರದ ಇಎಸ್‌ಐ ಆಸ್ಪತ್ರೆಯಲ್ಲಿ ಆಗಬೇಕಾದ ಆಪರೇಷನ್ನು, ಕನ್ನಡಕ, ಹಲ್ಲು ಎಲ್ಲವನ್ನೂ ಕಾರ್ಡು ನಡೆಯುತ್ತಿರುವಾಗಲೇ ಮಾಡಿಸಿಕೊಳ್ಳಿ ಎಂದು ಅವಳು ಎಲ್ಲರಿಗೂ ಹೇಳಿದಳು. ಸಹಿ ಹಾಕುವ ಮೊದಲು ಅಪ್ಪನ ಹರ್ನಿಯಾ ಆಪರೇಷನ್ ಮುಗಿದಿತ್ತು.

ಕೈಗೆ ಬಂದ ಗಂಟು ಹಣ ಎಷ್ಟೋ ಮನೆಗಳಲ್ಲಿ ಬೇಗ ಕರಗಿತು. ಚೀಟಿ ನಡೆಸಿದವರು ಓಡಿಹೋದರು, ಅಳಿಯಂದಿರು ಆಟೋ ಕೊಡಿಸಿಕೊಂಡರು. ನಮ್ಮ ಕಡೆ ಹೊಸದಾಗಿ ಎದ್ದ ಕೂಟಗಳ ಬೋಧಕರು ಇಂಥ ಮನೆಗಳನ್ನೇ ಹುಡುಕಿ ಬರುತ್ತಿದ್ದರು. ಗಂಟಿನಲ್ಲಿ ಹತ್ತರಲ್ಲೊಂದು ಪಾಲು ಕೊಟ್ಟರೆ ನೂರ್ಮಡಿ ಬರುತ್ತದೆ ಎನ್ನುತ್ತಿದ್ದರು. ಅಂಥವರ ಬಗ್ಗೆ ನನಗೆ ಇವತ್ತಿಗೂ ಕ್ಷಮೆ ಇಲ್ಲ. ಆದರೆ ನಮ್ಮ ಮನೆಯ ದಶಮಾಂಶದ ಜಗಳ ಬೇರೆ ಥರದ್ದು. ಪೂರ್ತಿ ಹಣಕ್ಕೆ ದಶಮಾಂಶ ಕೊಡಬೇಕೆಂದು ಹಟ ಹಿಡಿದವಳು ಅಮ್ಮ. ಸಂಬಳಕ್ಕೆ ಆಗಲೇ ಕೊಟ್ಟಾಗಿದೆ, ಇದು ಅದೇ ಸಂಬಳದ ಬಾಕಿ ಎಂದು ತಡೆದವರು ಮನ್ನದ ಅಪ್ಪ. ಇಬ್ಬರೂ ಹಡ್ಸನ್ ದೇವಾಲಯದ ಆರಾಧನೆಗೆ ಬಸ್ಸಿನಲ್ಲಿ ಹೋಗುವಾಗಲೂ ಮಾತಾಡಲಿಲ್ಲ. 1904ರಲ್ಲಿ ಆ ದೇವಾಲಯ ಕಟ್ಟಿದ್ದು ವೆಸ್ಲಿಯನ್ ಮಿಷನ್ನಿನವರು. ಅವರ ಮೂಲಪುರುಷ ಜಾನ್ ವೆಸ್ಲಿ ಹಣದ ಬಳಕೆಯ ಮೇಲೆ ಒಂದು ಉಪದೇಶವನ್ನೇ ಮಾಡಿದ್ದ. ಗಳಿಸುವುದು, ಉಳಿಸುವುದು, ಕೊಡುವುದು ಮೂರನ್ನೂ ಒಂದೇ ಕೆಲಸ ಎಂಬಂತೆ ಹೊಂದಿಸಿದ್ದ. ಅದನ್ನು ಓದಿಕೊಂಡಿದ್ದ ಒಬ್ಬ ಹಿರಿಯ ಅಯ್ಯಗಳು ಆ ಸಲ ಕಾಫಿ ಕುಡಿದು ಸುಮ್ಮನೆ ಹೋಗಲಿಲ್ಲ. ಆರು ತಿಂಗಳ ರೇಷನ್ನು, ಮಕ್ಕಳ ಫೀಸು ಬ್ಯಾಂಕಿಗೆ ಹಾಕಿ, ಉಳಿದದ್ದಕ್ಕೆ ದಶಮಾಂಶ ಎಣಿಸಿ, ಅದರಲ್ಲೂ ಅರ್ಧವನ್ನು ನಿಮ್ಮ ಬೀದಿಯಲ್ಲಿ ಕೆಲಸ ಹೋದವರಿಗೆ ಕೊಡಿ ಎಂದರು. ಅಪ್ಪ ಒಪ್ಪಿದರು. ಅಮ್ಮ ಅರೆಮನಸ್ಸಿನಿಂದ ಒಪ್ಪಿ, ಕಡಿಮೆಯಾದ ಪಾಲನ್ನು ತನ್ನ ಚೀಟಿ ಹಣದಲ್ಲಿ ತುಂಬಿದಳೆಂದು ಆಮೇಲೆ ತಿಳಿಯಿತು.

ಅಪ್ಪ ಅದೇ ಹಣದಲ್ಲಿ ಹಳೆಯ ಲೇತ್ ಒಂದನ್ನು ಕೊಂಡು ಕಾಮಾಕ್ಷಿಪಾಳ್ಯದ ಶೆಡ್ಡಿನಲ್ಲಿ ಜಾಬ್‌ವರ್ಕ್ ಮಾಡಿದರು. ದೊಡ್ಡ ಲಾಭವೇನೂ ಆಗಲಿಲ್ಲ, ಆದರೆ ಮನೆಯ ಮಕ್ಕಳ ಓದು ನಿಲ್ಲಲಿಲ್ಲ. 1936ರ ಮೈಸೂರು ಲ್ಯಾಂಪ್ಸ್ 2003ರಲ್ಲಿ ಮುಚ್ಚಿದಾಗ ಅಲ್ಲಿಯ ಕೆಲವರು ಶೆಡ್ಡು ಹುಡುಕಿಕೊಂಡು ಬಂದು ಅಪ್ಪನನ್ನು ಕೇಳಿದ್ದು ಲೇತ್ ಬಗ್ಗೆ ಅಲ್ಲ, ಅಮ್ಮನ ಪುಸ್ತಕದ ಬಗ್ಗೆ.

ಈಗ ನಮ್ಮ ಸಭೆಯ ಪ್ರಾರ್ಥನಾ ಚೀಟಿಗಳಲ್ಲಿ ಐಟಿ ಮಕ್ಕಳ ಹೆಸರೇ ಹೆಚ್ಚು. ಅವರಿಗೆ ನೋಟಿಸ್ ಬೋರ್ಡಿಲ್ಲ, ಹೆಚ್ಚಿನವರಿಗೆ ಯೂನಿಯನ್ನೂ ಇಲ್ಲ, ಒಂದು ಮೀಟಿಂಗಿನಲ್ಲಿ ಮುಗಿಯುತ್ತದೆ. ಕಂಪನಿಯ ಆರೋಗ್ಯ ವಿಮೆ ಸಾಮಾನ್ಯವಾಗಿ ಕೆಲಸದ ಕೊನೆಯ ದಿನಕ್ಕೇ ನಿಲ್ಲುತ್ತದೆ, ಅದಕ್ಕೆ ಮೊದಲೇ ಸ್ವಂತದ್ದೊಂದು ಮಾಡಿಸಿ ಎಂದು ನಾನು ಅಮ್ಮನ ಇಎಸ್‌ಐ ಮಾತನ್ನೇ ಅವರಿಗೆ ಹೇಳುತ್ತೇನೆ. ಮಗನೂ ಇತ್ತೀಚೆಗೆ ಲ್ಯಾಪ್‌ಟಾಪಿನಲ್ಲಿ ಒಂದು ಪಟ್ಟಿ ಮಾಡಿಕೊಂಡಿದ್ದಾನೆ. ಮನೆ ಸಾಲದ ಕಂತು, ಸ್ಕೂಲ್ ಫೀಸು, ಪೆಟ್ರೋಲು, ಕೊನೆಯಲ್ಲಿ ಎಷ್ಟು ತಿಂಗಳು ನಡೆದೀತು ಎಂಬ ಅಂಕಿ. ಸಂಬಳ ನಿಂತರೆ ದಶಮಾಂಶವನ್ನು ಖರ್ಚಿನಲ್ಲಿ ಹಿಡಿಯಬೇಕೇ ಬೇಡವೇ ಎಂದು ಕೇಳಿದ. ಅಯ್ಯಗಳು ಹೇಳಿದ್ದನ್ನು ಹೇಳಿದೆ, ಅವನ ಅಜ್ಜಿ, ಅಂದರೆ ನನ್ನಮ್ಮ, ಮಾಡಿದ್ದನ್ನೂ ಹೇಳಿದೆ. ಸ್ವಲ್ಪ ಹೊತ್ತು ಯೋಚಿಸಿ ಸ್ಕೂಲ್ ಫೀಸಿನ ಕೆಳಗೆ, ಪೆಟ್ರೋಲಿನ ಮೇಲೆ ಒಂದು ಸಾಲು ಸೇರಿಸಿದ. ಅಂಕಿ ಒಂದಿಷ್ಟು ದಿನ ಕಡಿಮೆಯಾಯಿತು.