ಮೆಕಾಂಗ್ ದಾಟಿದ ಅಕ್ಕಿಯ ಹಾಳೆ

ದೊಡ್ಡ ಊರುಗಳ ಅಂಗಡಿಗಳಲ್ಲಿ ಈಗ ಸುಲಭವಾಗಿ ಸಿಗುವ ರೈಸ್ ಪೇಪರಿನ ಒಂದು ಹಾಳೆಯನ್ನು ಬೆಳಕಿಗೆ ಹಿಡಿದರೆ ಅದರ ಮೇಲೆ ಚಾಪೆಯ ಹೆಣಿಗೆಯಂಥ ಗೆರೆಗಳು ಕಾಣುತ್ತವೆ. ಅಂದಕ್ಕೆಂದು ಮಾಡಿದ್ದಲ್ಲ, ಹೆಣೆದ ತಟ್ಟಿಯ ಮೇಲೆ ಒಣಗಿದ ಗುರುತು. ಈ ಹಾಳೆಯನ್ನು ನೀರಿನಲ್ಲಿ ಅದ್ದಿ, ಸೊಪ್ಪು, ಶಾವಿಗೆ, ಸೌತೆಕಾಯಿ ಇಟ್ಟು ಸುತ್ತಿದರೆ ಎಣ್ಣೆಯ ಹನಿಯೂ ಸೋಕದ ‘ಥಾಯ್ ಫ್ರೆಶ್ ಸ್ಪ್ರಿಂಗ್ ರೋಲ್’ ಸಿದ್ಧ. ಹೆಸರಿನಲ್ಲಿ ಥಾಯ್ಲೆಂಡ್ ಇದೆ, ವಸಂತವೂ ಇದೆ. ಹಾಳೆ ಮಾತ್ರ ಮೂಲದಲ್ಲಿ ಥಾಯ್ಲೆಂಡಿನದಲ್ಲ. ವಸಂತಕ್ಕೂ ಅದಕ್ಕೂ ಸಂಬಂಧವಿಲ್ಲ.

ವಸಂತ ಬಂದದ್ದು ಚೀನಾದಿಂದ. ಅಲ್ಲಿನ ಪಂಚಾಂಗದಲ್ಲಿ ಫೆಬ್ರುವರಿ 4ರ ಆಸುಪಾಸಿಗೆ ಬೀಳುವ ‘ಲಿಚುನ್’ ವಸಂತದ ಮೊದಲ ದಿನ. ಆ ದಿನ ಗೋಧಿಯ ತೆಳುರೊಟ್ಟಿಯ ಜೊತೆ ಹಸಿ ತರಕಾರಿ ತಿನ್ನುವ ರೂಢಿ ತಾಂಗ್ ಅರಸರ ಕಾಲದಲ್ಲೇ (618-907) ಇತ್ತು. ಆಗ್ನೇಯ ಕರಾವಳಿಯ ಫೂಜಿಯನ್ ಪ್ರಾಂತದಲ್ಲಿ ಅದು ಪೊಪಿಯಾ ಆಯಿತು. ಪದದ ಅರ್ಥ ‘ತೆಳುರೊಟ್ಟಿ’, ಅಷ್ಟೇ. ಹೊಟ್ಟೆಪಾಡಿಗೆ ಹಡಗು ಹತ್ತಿದ ಅಲ್ಲಿನ ಜನ ಹೋದಲ್ಲೆಲ್ಲ ಅದನ್ನು ಒಯ್ದರು. ಪೆನಾಂಗ್, ಸಿಂಗಪುರಗಳಲ್ಲಿ ಅದು ಪೊಪಿಯಾ ಆಗಿಯೇ ಉಳಿಯಿತು, ಜಾವಾ ಮತ್ತು ಫಿಲಿಪೀನ್ಸಿನಲ್ಲಿ ಲುಂಪಿಯಾ ಆಯಿತು. ಬ್ಯಾಂಕಾಕಿನಲ್ಲಿ ಇಂದಿಗೂ ‘ಪೊಪಿಯಾ ಸೊತ್’ ಸಿಗುತ್ತದೆ. ಸೊತ್ ಎಂದರೆ ತಾಜಾ. ಆದರೆ ಅದರ ಹೊದಿಕೆ ಮೆತ್ತಗಿನ ಗೋಧಿ ಹಾಳೆ. ಒಳಗೆ ತೋಫು, ಮೊಳಕೆ, ಮೊಟ್ಟೆಯ ಎಳೆ, ಚೀನೀ ಸಾಸೇಜು. ಮೇಲೆ ಹುಣಸೆಹಣ್ಣಿನ ಗಟ್ಟಿ ಸಿಹಿಗೊಜ್ಜು. ಥಾಯ್ಲೆಂಡಿನವರು ‘ನಮ್ಮ ತಾಜಾ ರೋಲ್’ ಎಂದು ತೋರಿಸಬಹುದಾದದ್ದು ಇದನ್ನು. ಅರೆಪಾರದರ್ಶಕ ಅಕ್ಕಿ ಹಾಳೆಯ ಸುರುಳಿ ಬೇರೆಯದೇ ದಾರಿಯಲ್ಲಿ ಬಂದದ್ದು.

ಆ ಹಾಳೆ ವಿಯೆಟ್ನಾಮಿನ ಬಾನ್ ಟ್ರಾಂಗ್. ಅಕ್ಕಿ ನೆನೆಸಿ, ನೀರುದೋಸೆಯಷ್ಟು ತೆಳ್ಳಗೆ ರುಬ್ಬಿ, ಕುದಿಯುವ ನೀರಿನ ಪಾತ್ರೆಯ ಬಾಯಿಗೆ ಬಿಗಿದ ಬಟ್ಟೆಯ ಮೇಲೆ ಒಂದು ಸೌಟು ಹರಡಿ ಮುಚ್ಚುತ್ತಾರೆ. ನಿಮಿಷದೊಳಗೆ ಬೇಯುತ್ತದೆ. ಬಿದಿರಿನ ಕಡ್ಡಿಯಿಂದ ಎತ್ತಿ ತಟ್ಟಿಗೆ ವರ್ಗಾಯಿಸಿ ಬಿಸಿಲಿಗಿಡುತ್ತಾರೆ. ಚೆನ್ನೈನಲ್ಲಿರುವವರಿಗೆ ಇಲ್ಲಿಯವರೆಗಿನ ಕೆಲಸ ಎಲೆ ವಡಾಂನಂತೆಯೇ ಕಂಡೀತು. ವ್ಯತ್ಯಾಸ ಆಮೇಲಿನದು: ವಡಾಂ ಎಣ್ಣೆಗೆ ಬೀಳುತ್ತದೆ, ಬಾನ್ ಟ್ರಾಂಗ್ ನೀರಿಗೆ. ಒಮ್ಮೆ ಬೆಂದು ಒಣಗಿದ ಹಾಳೆಗೆ ಮತ್ತೆ ಒಲೆ ಬೇಕಿಲ್ಲ. ಹಗುರ, ತಿಂಗಳುಗಟ್ಟಲೆ ಕೆಡುವುದಿಲ್ಲ, ನೀರು ಸೋಕಿದರೆ ಊಟ. 1789ರಲ್ಲಿ ದೊರೆ ಕ್ವಾಂಗ್ ಚುಂಗ್ ಹೊಸವರ್ಷದ ಹೊತ್ತಿಗೆ ಉತ್ತರಕ್ಕೆ ನುಗ್ಗಿ ಚೀನಾದ ಛಿಂಗ್ ಸೈನ್ಯವನ್ನು ಸೋಲಿಸಿದಾಗ, ಅವನ ಸೈನಿಕರು ಅಡುಗೆಗೆ ನಿಲ್ಲದೆ ಈ ಹಾಳೆಗಳನ್ನೇ ತಿಂದು ನಡೆದರೆಂಬ ಕಥೆ ಅಲ್ಲಿ ಜನಪ್ರಿಯ. ದಾಖಲೆಗಿಂತ ದಂತಕಥೆಯ ವಾಸನೆಯೇ ಇದರಲ್ಲಿ ಹೆಚ್ಚು. ಆದರೂ ಕಥೆ ಕಟ್ಟಿದವರು ಹಾಳೆಯ ಗುಣವನ್ನು ಸರಿಯಾಗಿಯೇ ಹಿಡಿದಿದ್ದಾರೆ. ದಾರಿಯಲ್ಲಿರುವವರ ಆಹಾರ ಅದು.

ದಾರಿ ಹಿಡಿಯುವ ಕಾಲ 1946ರಲ್ಲಿ ಬಂತು. ಮೆಕಾಂಗ್ ನದಿಯ ಪೂರ್ವ ದಂಡೆ ಲಾವೋಸ್, ಪಶ್ಚಿಮ ದಂಡೆ ಥಾಯ್ಲೆಂಡ್. ಫ್ರೆಂಚರ ಆಳ್ವಿಕೆಯಲ್ಲಿ ಲಾವೋಸಿನ ಕಚೇರಿಗಳ ಗುಮಾಸ್ತರು, ಕುಶಲಕರ್ಮಿಗಳು, ಸಣ್ಣ ವ್ಯಾಪಾರಿಗಳಲ್ಲಿ ಬಹುಪಾಲು ವಿಯೆಟ್ನಾಮೀಯರೇ. ನದಿದಂಡೆಯ ಥಾಖೆಕ್ ಪಟ್ಟಣದಲ್ಲಂತೂ ಅವರದೇ ಬಹುಸಂಖ್ಯೆ. ಜಪಾನ್ ಶರಣಾದ ಮೇಲೆ ಫ್ರೆಂಚರು ತಮ್ಮ ವಸಾಹತನ್ನು ಮರಳಿ ಹಿಡಿಯಲು ಬಂದರು. ಮಾರ್ಚ್ 21ರಂದು ಥಾಖೆಕ್ ಮೇಲೆ ದಾಳಿ ನಡೆಯಿತು. ಜನ ದೋಣಿ ಹತ್ತಿ ಆಚೆ ದಡಕ್ಕೆ ಹೊರಟರೆ ವಿಮಾನಗಳು ನದಿಯ ಮೇಲೆಯೇ ಗುಂಡು ಸುರಿಸಿದವು. ಪಟ್ಟಣದಲ್ಲಿ, ನೀರಿನಲ್ಲಿ ಸತ್ತವರ ಲೆಕ್ಕ ಇಂದಿಗೂ ಒಬ್ಬೊಬ್ಬರದು ಒಂದೊಂದು. ಲಾವೋಸಿನ ಸ್ವಾತಂತ್ರ್ಯ ಹೋರಾಟದ ರಾಜಕುಮಾರ ಸುಫನುವಾಂಗ್ ಕೂಡ ನದಿ ದಾಟುವಾಗಲೇ ಗಾಯಗೊಂಡ.

ಆ ವರ್ಷ ಹತ್ತಾರು ಸಾವಿರ ವಿಯೆಟ್ನಾಮೀಯರು ಥಾಯ್ಲೆಂಡಿನ ಈಶಾನ್ಯ ಭಾಗಕ್ಕೆ ಬಂದಿಳಿದರು. ನಖೋನ್ ಫನೊಮ್, ನೊಂಗ್ ಖಾಯ್, ಉಡೋನ್ ಥಾನಿ ಊರುಗಳಲ್ಲಿ ನೆಲೆ ನಿಂತರು. ಅಲ್ಲಿ ಅವರಿಗಿಂತ ಮೊದಲೇ ಬಂದವರ ಬೀದಿಗಳಿದ್ದವು. 1928-29ರಲ್ಲಿ ಹೋ ಚಿ ಮಿನ್ ವೇಷ ಮರೆಸಿಕೊಂಡು ಓಡಾಡಿದ್ದೂ ಇದೇ ಸೀಮೆಯಲ್ಲಿ. ಆಗಿನ ಬ್ಯಾಂಕಾಕ್ ಸರ್ಕಾರ ಅವರನ್ನು ಸಹಾನುಭೂತಿಯಿಂದ ಕಂಡಿತು. 1947ರ ಸೈನಿಕ ಕ್ರಾಂತಿಯ ನಂತರ ಗಾಳಿ ಬದಲಾಯಿತು. ವಿಯೆಟ್ನಾಮಿ ಎಂದರೆ ಕಮ್ಯುನಿಸ್ಟ್ ಎಂಬ ಗುಮಾನಿ ಬಲಿಯಿತು. ಗೊತ್ತುಪಡಿಸಿದ ಕೆಲವೇ ಪ್ರಾಂತಗಳಲ್ಲಿ ಇರಬೇಕು, ಹೊರಗೆ ಹೋಗಲು ಪರವಾನಗಿ ಬೇಕು, ಹಲವು ವೃತ್ತಿಗಳನ್ನು ಮಾಡುವಂತಿಲ್ಲ. 1960ರಿಂದ 1964ರ ನಡುವೆ 40,000ಕ್ಕೂ ಹೆಚ್ಚು ಮಂದಿ ರೆಡ್ ಕ್ರಾಸ್ ಮೂಲಕ ಉತ್ತರ ವಿಯೆಟ್ನಾಮಿಗೆ ಮರಳಿದರು. ಯುದ್ಧ ತೀವ್ರವಾಗಿ ಹಡಗುಗಳು ನಿಂತವು, ಉಳಿದವರು ಉಳಿದರು. ಅಲ್ಲೇ ಹುಟ್ಟಿ ಬೆಳೆದವರಿಗೂ ಪೌರತ್ವ ಸರಾಗವಾಗಿ ಸಿಗತೊಡಗಿದ್ದು 1990ರ ದಶಕದಲ್ಲಿ.

ಬೇರೆ ಬಾಗಿಲು ಮುಚ್ಚಿದವರಿಗೆ ತಿಂಡಿ ಮಾರುವುದು ಎಲ್ಲ ದೇಶಗಳಲ್ಲೂ ತೆರೆದಿರುವ ಬಾಗಿಲು. ಸುಟ್ಟ ಹಂದಿಮಾಂಸದ ಉಂಡೆ, ಬಾಳೆಕಾಯಿ, ಕಮರಾಕ್ಷಿ, ಬೆಳ್ಳುಳ್ಳಿ, ಹಸಿಮೆಣಸಿನ ಚೂರು, ಒಂದು ರಾಶಿ ಸೊಪ್ಪು, ಜೊತೆಗೆ ಅಕ್ಕಿ ಹಾಳೆ: ವಿಯೆಟ್ನಾಮಿನ ‘ನೆಮ್ ನುವೊಂಗ್’ ಥಾಯ್ ನಾಲಿಗೆಯಲ್ಲಿ ‘ನೇಮ್ ನುವಾಂಗ್’ ಆಯಿತು. ನೊಂಗ್ ಖಾಯ್, ಉಡೋನ್ ಥಾನಿಗೆ ಹೋದ ಬ್ಯಾಂಕಾಕಿನವರು ಇಂದು ಮನೆಗೆ ಕಟ್ಟಿಸಿಕೊಂಡು ಬರುವ ತಿನಿಸು ಇದು. ತಿನಿಸಿನ ಜೊತೆ ಅನುಮಾನವೂ ಕರಗಿತು ಎಂದು ಹೇಳಿಬಿಡುವುದು ಸುಲಭ. ಆದರೆ ಜನ ಆ ಅಂಗಡಿಗಳಲ್ಲಿ ಚಪ್ಪರಿಸಿ ತಿನ್ನುತ್ತಿದ್ದ ಕಾಲದಲ್ಲೇ ಮಾಲೀಕರು ಊರು ಬಿಡಲು ಚೀಟಿ ಬರೆಸಿಕೊಳ್ಳಬೇಕಿತ್ತು.

‘ಥಾಯ್’ ಎಂಬ ಪಟ್ಟಿ ಅಂಟಿದ್ದರಲ್ಲಿ ಪಶ್ಚಿಮದ ಹೋಟೆಲುಗಳ ಪಾಲು ದೊಡ್ಡದು. 1975ರಲ್ಲಿ ಸೈಗಾನ್ ಬಿದ್ದ ಮೇಲೆ ಅಮೆರಿಕ, ಫ್ರಾನ್ಸ್, ಆಸ್ಟ್ರೇಲಿಯಾ ಸೇರಿದ ವಿಯೆಟ್ನಾಮೀಯರು ತಮ್ಮ ‘ಗೊಯ್ ಕುವೊನ್’ ಅನ್ನು ಅಲ್ಲಿಗೂ ಒಯ್ದರು. ಗಿರಾಕಿಗಳಿಗೆ ಹಿಡಿಸಿದ್ದನ್ನು ಪಕ್ಕದ ಥಾಯ್ ಹೋಟೆಲುಗಳೂ ಇಟ್ಟವು. ಥಾಯ್ ಸರ್ಕಾರವೇ ಈ ಶತಮಾನದ ಆರಂಭದಿಂದ ಹೊರದೇಶಗಳಲ್ಲಿ ತನ್ನ ಹೋಟೆಲುಗಳಿಗೆ ಬೆಂಬಲ ಕೊಟ್ಟು ಅಡುಗೆಯನ್ನು ದೇಶದ ಗುರುತಾಗಿ ಬೆಳೆಸಿತು. ಮುಂಬಯಿ, ದೆಹಲಿಗಳ ಮೆನು ಕಾರ್ಡಿಗೆ ಹೆಸರು ಬಂದದ್ದು ಹೀಗೆ ಸುತ್ತಿಬಳಸಿಯೇ.

ಮನೆಯಲ್ಲಿ ಮಾಡುವವರು ಕೆಡಿಸುವುದು ಹೆಚ್ಚಾಗಿ ಒಂದೇ ಕಡೆ: ಹಾಳೆಯನ್ನು ನೀರಲ್ಲಿ ಬಹಳ ಹೊತ್ತು ಬಿಡುವುದು. ಅದು ಆಗಲೇ ಬೆಂದ ಅಕ್ಕಿ. ಉಗುರುಬೆಚ್ಚಗಿನ ನೀರಿನಲ್ಲಿ ಐದಾರು ಸೆಕೆಂಡು ಸಾಕು. ಇನ್ನೂ ಗಡುಸಾಗಿರುವಾಗಲೇ ತೆಗೆದು ಒದ್ದೆ ಹಲಗೆಯ ಮೇಲೆ ಹಾಸಿದರೆ, ತರಕಾರಿ ಜೋಡಿಸುವಷ್ಟರಲ್ಲಿ ತಾನೇ ಮೆತ್ತಗಾಗುತ್ತದೆ. ಈಗಿನ ಎಷ್ಟೋ ಹಾಳೆಗಳಲ್ಲಿ ಮರಗೆಣಸಿನ ಹಿಟ್ಟು ಬೆರೆತಿರುತ್ತದೆ. ಅವು ಹೆಚ್ಚು ಹಿಗ್ಗುತ್ತವೆ, ಬೇಗ ಹರಿಯುವುದಿಲ್ಲ, ಆದರೆ ಅಂಟು ಜಾಸ್ತಿ. ಲೆಟ್ಯೂಸ್ ಎಲೆ ಕೆಳಗಿರಲಿ, ಕ್ಯಾರೆಟ್ಟಿನ ಚೂಪು ತುದಿ ಹಾಳೆಗೆ ಚುಚ್ಚುವುದು ತಪ್ಪುತ್ತದೆ. ಬೇಯಿಸಿ ಬಸಿದ ಅಕ್ಕಿ ಶಾವಿಗೆ ಸ್ವಲ್ಪ, ಪುದೀನ, ಕೊತ್ತಂಬರಿ ಧಾರಾಳ. ಸೊಪ್ಪನ್ನು ಅಲಂಕಾರಕ್ಕೆಂಬಂತೆ ಎರಡೆಲೆ ಇಡುವುದು ಈ ತಿನಿಸಿಗೆ ಮಾಡುವ ಅನ್ಯಾಯ. ಗೊಯ್ ಎಂದರೆ ಕೋಸಂಬರಿಯಂಥದ್ದೇ. ಪಕ್ಕದ ಎರಡು ಅಂಚು ಒಳಕ್ಕೆ ಮಡಚಿ ಬಿಗಿಯಾಗಿ ಸುತ್ತಬೇಕು. ಮೀನಿನ ಸಾರ ಬೇಡದವರು ಹುರಿದ ಶೇಂಗಾ, ಹುಣಸೆ, ಬೆಲ್ಲ, ಹಸಿಮೆಣಸು ಅರೆದುಕೊಂಡರೆ ರುಚಿ ಎಲ್ಲೂ ಸೋಲುವುದಿಲ್ಲ.

ಮಾಡಿದ್ದನ್ನು ಒಂದಕ್ಕೊಂದು ತಾಗಿಸದೆ ಒದ್ದೆ ಬಟ್ಟೆ ಮುಚ್ಚಿಡಬೇಕು. ಫ್ರಿಜ್ಜಿನಲ್ಲಿಟ್ಟರೆ ತಣಿದ ಅನ್ನದಂತೆ ಹಾಳೆಯೂ ಬಿರುಸಾಗುತ್ತದೆ. ನೊಂಗ್ ಖಾಯಿಯವರಿಗೆ ಈ ತಾಪತ್ರಯವೇ ಇಲ್ಲ. ಅಲ್ಲಿ ಸುತ್ತಿದ್ದನ್ನು ಯಾರೂ ಬಡಿಸುವುದಿಲ್ಲ. ಹಾಳೆ, ಸೊಪ್ಪು, ಗೊಜ್ಜು ಎಲ್ಲವನ್ನೂ ಮೇಜಿನ ನಡುವೆ ಇಡುತ್ತಾರೆ, ತನ್ನ ತನ್ನ ತುತ್ತನ್ನು ಪ್ರತಿಯೊಬ್ಬರೂ ತಾವೇ ಸುತ್ತಿಕೊಳ್ಳುತ್ತಾರೆ.