ಅಂಚೆ ಹೊರುವ ತಂತ್ರಾಂಶ: ಸೆಂಡ್‌ಮೇಲ್‌ನಿಂದ ಈಚೆಗೆ

ಯುನಿಕ್ಸ್ ಮಾದರಿಯ ಯಂತ್ರಗಳಲ್ಲಿ ಮೇಲ್ ಸರ್ವರ್ ಎಂದರೆ ಬಹುಕಾಲ ಸೆಂಡ್‌ಮೇಲ್ ಎಂದೇ ಅರ್ಥ. ಬರ್ಕ್ಲಿಯಲ್ಲಿ ಎರಿಕ್ ಆಲ್‌ಮನ್ ಬರೆದ ಇದು 1983ರಲ್ಲಿ ಬಿಎಸ್‌ಡಿಯೊಡನೆ ಹೊರಬಂತು. ಆಗ ಜಾಲಕ್ಕೊಂದು ವಿಳಾಸ ಪದ್ಧತಿ. ಒಂದರಲ್ಲಿ ಅಟ್ ಚಿಹ್ನೆ, ಇನ್ನೊಂದರಲ್ಲಿ ಉದ್ಗಾರ ಚಿಹ್ನೆ. ಇವನ್ನು ಒಂದರಿಂದ ಇನ್ನೊಂದಕ್ಕೆ ಮಾರ್ಪಡಿಸುವ ನಿಯಮಗಳೇ ಸೆಂಡ್‌ಮೇಲ್‌ನ ಬಲ, ಅವೇ ಅದರ ಹೊರೆ ಕೂಡ. ಇಡೀ ಕೆಲಸ ರೂಟ್ ಅಧಿಕಾರದ ಒಂದೇ ಪ್ರೋಗ್ರಾಮಿನಲ್ಲಿ ನಡೆಯುತ್ತಿತ್ತು. 1988ರ ನವೆಂಬರ್‌ನಲ್ಲಿ ಮಾರಿಸ್ ವರ್ಮ್ ಎಂಬ ಕುತಂತ್ರಾಂಶ ಹರಡಿದ ದಾರಿಗಳಲ್ಲಿ ಒಂದು, ಇದರಲ್ಲಿ ತೆರೆದೇ ಉಳಿದಿದ್ದ ಡಿಬಗ್ ಆಜ್ಞೆ.

1995ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾಲಯದ ಫಿಲಿಪ್ ಹೇಜಲ್ ಆರಂಭಿಸಿದ ಎಕ್ಸಿಮ್ ನಿಯಮಗಳನ್ನು ಓದಿದರೆ ತಿಳಿಯುವಂತೆ ಮಾಡಿತು. ಡೆಬಿಯನ್ ಅದನ್ನು ನೆಚ್ಚಿಕೊಂಡಿತು. ರಚನೆಯಲ್ಲಿ ಮಾತ್ರ ಅದೂ ಒಂದೇ ದೊಡ್ಡ ಪ್ರೋಗ್ರಾಮ್. ಆ ಕಟ್ಟನ್ನು ಬಿಡಿಸಿದ್ದು ಡೇನಿಯಲ್ ಬರ್ನ್‌ಸ್ಟೈನ್ ಅವರ ಕ್ಯೂಮೇಲ್. ಕೆಲಸಕ್ಕೊಂದು ಪುಟ್ಟ ಪ್ರೋಗ್ರಾಮ್, ಪತ್ರಕ್ಕೊಂದು ಕಡತ. ತಿದ್ದಿದ ಪ್ರತಿಯನ್ನು ಹಂಚಲು ಅದರ ಷರತ್ತುಗಳು ಬಿಡುತ್ತಿರಲಿಲ್ಲ. 2007ರಲ್ಲಿ ಅದು ಸಾರ್ವಜನಿಕ ಸ್ವತ್ತಾಗುವ ಹೊತ್ತಿಗೆ ಜನ ಬೇರೆ ದಾರಿ ಹಿಡಿದಿದ್ದರು.

ಆ ದಾರಿ ಪೋಸ್ಟ್‌ಫಿಕ್ಸ್. ಐಬಿಎಂ ಸಂಶೋಧನಾ ಕೇಂದ್ರದಲ್ಲಿದ್ದ ವೀಟ್ಸೆ ವೆನೆಮಾ 1998ರ ಡಿಸೆಂಬರ್‌ನಲ್ಲಿ ಇದನ್ನು ಬಿಡುಗಡೆ ಮಾಡಿದರು. ಹೊರಗಿನಿಂದ ಬಂದ ಒಂದು ಪತ್ರದ ಜೊತೆ ನಡೆದು ನೋಡಿದರೆ ಇದರ ಜಾಣ್ಮೆ ಕಾಣುತ್ತದೆ. ಇದರಲ್ಲೂ ಕೆಲಸಕ್ಕೊಂದು ಪ್ರೋಗ್ರಾಮ್: ಬಾಗಿಲಲ್ಲಿ ಎಸ್‌ಎಂಟಿಪಿಡಿ ಮಾತಾಡಿಸುತ್ತದೆ. ಕ್ಲೀನಪ್ ಬಿಟ್ಟುಹೋದ ತಲೆಬರಹ ತುಂಬಿ ಸರತಿಗೆ ಹಾಕುತ್ತದೆ. ಕ್ಯೂಮ್ಯಾನೇಜರ್ ಎತ್ತಿಕೊಂಡು ಲೋಕಲ್‌ಗೆ ಒಪ್ಪಿಸುತ್ತದೆ, ಲೋಕಲ್ ಬಳಕೆದಾರನ ಪೆಟ್ಟಿಗೆಗೆ ಹಾಕುತ್ತದೆ. ಅಪರಿಚಿತರೊಡನೆ ಮಾತಾಡುವ ಭಾಗಕ್ಕೆ ರೂಟ್ ಅಧಿಕಾರವಿಲ್ಲ. ಅದು ಮುರಿದರೂ ಮನೆಯ ಕೀಲಿ ಕಳ್ಳನ ಕೈಗೆ ಸಿಗದು. ಬೇರೆಡೆಗೆ ಹೊರಟ ಪತ್ರ ಅಲ್ಲಿಗೆ ಮುಟ್ಟದಿದ್ದರೆ ಡಿಫರ್ಡ್ ಸರತಿಯಲ್ಲಿ ಕಾಯುತ್ತದೆ. ಬೇರೆ ಸೂಚನೆ ಇಲ್ಲದಿದ್ದರೆ 5 ದಿನಗಳ ಬಳಿಕ ಕಳಿಸಿದವರಿಗೆ ಮರಳುತ್ತದೆ. ಸೆಂಡ್‌ಮೇಲ್ ಎಂಬ ಹೆಸರಿನ ಆಜ್ಞೆಯನ್ನೂ ಉಳಿಸಿಕೊಂಡದ್ದರಿಂದ ಹಳೆಯ ಸ್ಕ್ರಿಪ್ಟುಗಳು ಏನನ್ನೂ ಬದಲಿಸದೆ ನಡೆದವು. ಹೊಸದಾಗಿ ಸರ್ವರ್ ಕಟ್ಟುವವರಿಗೆ ಇಂದಿಗೂ ಇದೇ ಮೊದಲ ಆಯ್ಕೆಯಾಗಬೇಕು.

2014ರಲ್ಲಿ ಓಪನ್‌ಬಿಎಸ್‌ಡಿ ತನ್ನದೇ ಓಪನ್‌ಎಸ್‌ಎಂಟಿಪಿಡಿಯನ್ನು ಸೆಂಡ್‌ಮೇಲ್‌ನ ಜಾಗದಲ್ಲಿ ಕೂರಿಸಿತು. ಅದರ ಸಂರಚನಾ ಕಡತ ಹತ್ತೇ ಸಾಲಿನಲ್ಲಿ ಮುಗಿಯಬಲ್ಲದು. ಆದರೂ 2020ರಲ್ಲಿ ದೂರದಿಂದಲೇ ರೂಟ್ ಆಜ್ಞೆ ನಡೆಸಬಹುದಾದ ಬಿರುಕು ಅದರಲ್ಲಿ ಸಿಕ್ಕಿತು. 2023ರ ಫ್ರೀಬಿಎಸ್‌ಡಿ 14 ಆರಿಸಿದ್ದು ಡ್ರ್ಯಾಗನ್‌ಫ್ಲೈ ಮೇಲ್ ಏಜೆಂಟ್. ಅದು 25ನೇ ಪೋರ್ಟಿನಲ್ಲಿ ಕಿವಿಗೊಡುವುದೇ ಇಲ್ಲ. ರಾತ್ರಿಯ ಕ್ರಾನ್ ವರದಿ ಕಳಿಸುವುದಷ್ಟೇ ಬೇಕಾದ ಯಂತ್ರಕ್ಕೆ ಅಷ್ಟೇ ಸಾಕು.

ಅಂಚೆಯೆಲ್ಲ ದೊಡ್ಡ ಕಂಪನಿಗಳ ಪಾಲಾಗಿರುವಾಗ ಈ ಆಯ್ಕೆಗೆ ಬೆಲೆಯಿಲ್ಲ ಎಂಬ ಮಾತು ಈಗ ರೂಢಿಯಲ್ಲಿದೆ. ಅದು ತಪ್ಪು. ಕನ್ನಡ ಲಿಪಿಯ ವಿಳಾಸವನ್ನೇ ನೋಡಬಹುದು. ಅದಕ್ಕೆ ಬೇಕಾದ ಎಸ್‌ಎಂಟಿಪಿಯುಟಿಎಫ್8 ನಿಯಮ 2012ರಲ್ಲೇ ಬಂತು. ಪೋಸ್ಟ್‌ಫಿಕ್ಸ್ 2015ರ 3.0 ಆವೃತ್ತಿಯಲ್ಲಿ ಅಳವಡಿಸಿಕೊಂಡಿತು. ‘.ಭಾರತ’ ಡೊಮೇನ್ ಕನ್ನಡ ಅಕ್ಷರಗಳಲ್ಲೂ ಇದೆ. ದಾರಿಯ ಒಂದೇ ಸರ್ವರ್ ಈ ನಿಯಮ ಅರಿಯದಿದ್ದರೂ ಅಂಥ ಪತ್ರ ಅಲ್ಲಿಂದಲೇ ಹಿಂದಿರುಗುತ್ತದೆ. ತಂತ್ರಾಂಶಗಳನ್ನು ತೂಗಿ ನೋಡುವ ಪಟ್ಟಿಗಳಲ್ಲಿ ಈ ಗುಣಕ್ಕೆ ಒಂದು ಕಾಲಂ ಇರುವುದು ಅಪರೂಪ.